ಬೇನಾಮಿ ಆಮೆ

ಮಕ್ಕಳು ಪ್ರಾಣಿ ಸಾಕುತ್ತಾರೆ ಅನ್ನುವಷ್ಟು ದೊಡ್ಡ ಸುಳ್ಳು ಇನ್ನೊಂದಿಲ್ಲ. ಮಗು ಹಠ ಮಾಡುತ್ತದೆ, ಅಪ್ಪ ಪರ್ಸ್ ತೆಗೆಯುತ್ತಾನೆ, ಅಮ್ಮ ಬಕೆಟ್ ಎತ್ತುತ್ತಾಳೆ, ಅಜ್ಜಿ ಮಡಿ ಕೆಟ್ಟಿತೆಂದು ಮತ್ತೊಮ್ಮೆ ತಲೆಗೆ ನೀರು ಹಾಕಿಕೊಳ್ಳುತ್ತಾಳೆ. ಹೆಸರಿಗೆ ಮಾತ್ರ ಪ್ರಾಣಿ ಮಗುವಿನದು. ಸೈಟು, ಫ್ಲಾಟುಗಳನ್ನು ಭಾವಮೈದುನನ ಹೆಸರಿಗೋ ಡ್ರೈವರನ ಹೆಸರಿಗೋ ಮಾಡಿಸಿಡುವುದು ನಮ್ಮಲ್ಲಿ ಹಳೇ ಕಸುಬು. 1988ರಲ್ಲಿ ಅದಕ್ಕೊಂದು ಬೇನಾಮಿ ಕಾಯಿದೆಯೂ ಬಂತು. ಆರು ವರ್ಷದ ಮಗಳ ಹೆಸರಿನಲ್ಲಿ ನಲವತ್ತು ವರ್ಷದ ಅಪ್ಪನೊಬ್ಬ ಇಗುವಾನಾ ತಂದಿಟ್ಟುಕೊಳ್ಳಬಹುದೆಂದು ಆ ಕಾಯಿದೆ ಬರೆದವರಿಗೆ ಹೊಳೆಯಲಿಲ್ಲ, ಅಷ್ಟೇ.

‘ಪಾಪುಗೋಸ್ಕರ’ ಅಂದುಬಿಟ್ಟರೆ ಮುಗಿಯಿತು, ಎದುರಾಡುವವರಿಲ್ಲ. ಕಾರು ದೊಡ್ಡದಾಗುವುದು ಪಾಪುಗೋಸ್ಕರ, ಟೀವಿ ಅರ್ಧ ಗೋಡೆ ನುಂಗುವುದು ಪಾಪುಗೋಸ್ಕರ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕಿನಿಂದ ಬಂದಿಳಿದವನೊಬ್ಬನ ಬ್ಯಾಗು ಬಿಚ್ಚಿಸಿದರೆ ಒಳಗೆ 10 ಹಳದಿ ಅನಕೊಂಡಗಳು. ಅದಕ್ಕೂ ಮೊದಲು, 2023ರ ಆಗಸ್ಟ್‌ನಲ್ಲಿ, ಅದೇ ದಾರಿಯಲ್ಲಿ ಬಂದ ಇನ್ನೊಬ್ಬನ ಸಾಮಾನಿನಲ್ಲಿ 234 ಜೀವಗಳು. ಅದರಲ್ಲೊಂದು ಕಾಂಗರೂ ಮರಿ, ಬರುವಷ್ಟರಲ್ಲಿ ಸತ್ತಿತ್ತು. ತಂದವರೇನೋ ಸಿಕ್ಕಿಬಿದ್ದರು. ಕೊಳ್ಳಲು ಕಾದು ಕೂತವರು? ಯುಕೆಜಿ ಓದುವ ಯಾವ ಕೂಸು ‘ಅಪ್ಪಾ, ನಂಗೆ ಅನಕೊಂಡ ಬೇಕು’ ಎಂದು ರಚ್ಚೆ ಹಿಡಿದಿತ್ತೋ ಕಾಣೆ. ಕೂಸು ಕೇಳಿದ್ದು ನಾಯಿಮರಿ. ನಾಯಿ ಎದುರು ಮನೆಯಲ್ಲೂ ಇದೆ, ಮೇಲಿನ ಮನೆಯಲ್ಲೂ ಇದೆ. ಅದನ್ನು ತಂದು ಅಪ್ಪ ಯಾರಿಗೆ ತೋರಿಸಬೇಕು?

ಎಲ್ಲರೂ ಅನಕೊಂಡದವರೆಗೆ ಹೋಗುವುದಿಲ್ಲ. ಮಧ್ಯಮ ವರ್ಗ ಆಮೆಯಿಂದ ಶುರು ಮಾಡುತ್ತದೆ. ಅಕ್ವೇರಿಯಂ ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಅಂಗೈಯಗಲವೂ ಇಲ್ಲದ ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟೆ. ಅಂಗಡಿಯವರ ಬಾಯಲ್ಲಿ ಇದು ‘ಜಪಾನೀಸ್ ಟರ್ಟಲ್’. ಗೋಬಿ ಮಂಚೂರಿಗೂ ಮಂಚೂರಿಯಾಕ್ಕೂ ಇರುವಷ್ಟೇ ನಂಟು ಇದಕ್ಕೂ ಜಪಾನಿಗೂ. ಇದರ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ಆ ದೇಶದಲ್ಲಿ 4 ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು 1975ರಲ್ಲೇ ನಿಲ್ಲಿಸಿದರು. ಮಕ್ಕಳು ಮರಿಯನ್ನು ಬಾಯಿಗೆ ಹಾಕಿಕೊಂಡು ಸಾಲ್ಮೊನೆಲ್ಲ ಸೋಂಕು ಅಂಟಿಸಿಕೊಳ್ಳುತ್ತಿದ್ದವು. 4 ಇಂಚು ದಾಟಿದರೆ ಬಾಯಿಗೆ ಹಿಡಿಸುವುದಿಲ್ಲ ಎಂಬ ಲೆಕ್ಕ. ನಮ್ಮಲ್ಲಿ ಬಾಯಿಗೆ ಹಿಡಿಸುವ ಸೈಜಿಗೇ ಗಿರಾಕಿ ಜಾಸ್ತಿ. ಅದು ‘ಕ್ಯೂಟ್’.

ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಹುಡುಗ ಎರಡನೇ ಕ್ಲಾಸಿನಲ್ಲಿದ್ದಾಗ ಇಂಥದೊಂದು ಬಂತು. ಹೆಸರು ಬೋಲ್ಟ್. ಮೊದಲ ವಾರ ಹುಡುಗ ಊಟದ ತಟ್ಟೆಯನ್ನೂ ತೊಟ್ಟಿಯ ಪಕ್ಕದಲ್ಲೇ ಇಟ್ಟುಕೊಂಡ. ಎರಡನೇ ವಾರ ಸ್ಕೇಟಿಂಗ್ ಕ್ಲಾಸ್ ಶುರುವಾಯಿತು. ಬೋಲ್ಟ್‌ನನ್ನು ಯಾರಿಗಾದರೂ ದಾಟಿಸಬೇಕೆಂದು ಮಾತು ನಡೆದಿರುವಾಗಲೇ ಅಜ್ಜಿ ಟೀವಿಯಲ್ಲಿ ವಾಸ್ತು ಪಂಡಿತರ ಕಾರ್ಯಕ್ರಮ ನೋಡಿದರು. ಮನೆಯ ಉತ್ತರ ದಿಕ್ಕಿಗೆ ನೀರಿನ ಬಟ್ಟಲಲ್ಲಿ ಹಿತ್ತಾಳೆ ಆಮೆ ಇಟ್ಟರೆ ಕುಬೇರನ ಕಣ್ಣು ಬೀಳುತ್ತದಂತೆ. ಹಿತ್ತಾಳೆಯದೇ ಇಷ್ಟು ಕೊಡುವುದಾದರೆ ಉಸಿರಾಡುವ ಆಮೆ ಎಷ್ಟು ಕೊಟ್ಟೀತು! ತೊಟ್ಟಿ ಉತ್ತರಕ್ಕೆ ಸರಿಯಿತು. ಯುಗಾದಿ ಕಳೆಯುವಷ್ಟರಲ್ಲಿ ಮಗನಿಗೆ ಪ್ರಮೋಷನ್ ಬಂತು. ಪ್ರಮೋಷನ್ ಕೊಟ್ಟ ಕೀರ್ತಿ ಬೋಲ್ಟ್‌ಗೆ, ಬೋಲ್ಟ್‌ನ ನೀರು ಚೆಲ್ಲುವ ಕೆಲಸ ಸೊಸೆಗೆ. ಆಮೆ ಸಾಕಿದವರಿಗೆ ಗೊತ್ತು, ಎರಡು ದಿನ ನೀರು ಬದಲಿಸದಿದ್ದರೆ ಹಾಲಿಗೆ ಮೀನು ಮಾರ್ಕೆಟ್ಟಿನ ವಾಸನೆ. ಸೊಸೆ ಊದುಬತ್ತಿ ಹಚ್ಚಿದರೆ ಅತ್ತೆ, ‘ಕೂರ್ಮಾವತಾರಕ್ಕೆ ದಿನಾ ಧೂಪ ಹಾಕ್ತಾಳೆ ನಮ್ಮ ಹುಡುಗಿ’ ಎಂದು ಬಂದವರ ಮುಂದೆ ಹೊಗಳಿದರು.

ಅವತಾರ ಬೆಳೆಯಿತು. ಬಟ್ಟಲಿನಿಂದ ತೊಟ್ಟಿಗೆ, ತೊಟ್ಟಿಯಿಂದ ಬಾತ್‌ರೂಮಿನ ಟಬ್ಬಿಗೆ. ಸ್ನಾನಕ್ಕೆ ಹೋಗುವವರು ಮೊದಲು ಊಟದ ತಟ್ಟೆಯಗಲದ ಆ ಪ್ರಾಣಿಯನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಡಬೇಕು. ಇಟ್ಟ ಮರುಕ್ಷಣ ಅದು ಹೆಸರಿಗೆ ತಕ್ಕಂತೆ ಓಡಿ ಸೋಫಾದ ಅಡಿ ಸೇರುತ್ತದೆ. ಆಮೆ ನಿಧಾನ ಅಂದವರು ಆಮೆ ಸಾಕಿದವರಲ್ಲ. ಈ ಜಾತಿ ಮೂವತ್ತು ವರ್ಷ ಬದುಕಬಲ್ಲದು. ಅಂಗಡಿಯವರು ಇದನ್ನು ಬಿಲ್ಲಿನಲ್ಲಿ ಬರೆಯುವುದಿಲ್ಲ. ಹುಡುಗ ಹತ್ತನೇ ಕ್ಲಾಸು ಮುಗಿಸಿದ, ಸಿಇಟಿ ಬರೆದ, ಇಂಜಿನಿಯರ್ ಆದ, ಎಂಎಸ್ ಮಾಡಲು ಅಮೆರಿಕಕ್ಕೆ ಹಾರಿದ. ಆಮೆಯ ತವರಿಗೆ ಮಗ ಹೋದ, ಮಗನ ತವರಲ್ಲಿ ಆಮೆ ಉಳಿಯಿತು. ಭಾನುವಾರದ ವಿಡಿಯೊ ಕಾಲಿನಲ್ಲಿ ಅವನು ‘ಬೋಲ್ಟ್ ಹೇಗಿದಾನಮ್ಮಾ?’ ಅನ್ನುತ್ತಾನೆ. ತಾಯಿ ಫೋನನ್ನು ಟಬ್ಬಿನತ್ತ ತಿರುಗಿಸುತ್ತಾರೆ. ತಾನು ಹೇಗಿದ್ದೇನೆ ಎಂದು ಹೇಳುವ ಸರದಿ ಬರುವಷ್ಟರಲ್ಲಿ ಅಲ್ಲಿ ಅವನಿಗೆ ಕ್ಲಾಸು.

ಅವರಾದರೂ ಇಟ್ಟುಕೊಂಡಿದ್ದಾರೆ. ಮಿಕ್ಕವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಬಕೆಟ್ಟಿನಲ್ಲಿ ಒಯ್ದು, ದೇವಸ್ಥಾನದ ಕಲ್ಯಾಣಿಗೋ ಬಡಾವಣೆಯ ಕೆರೆಗೋ ಬಿಟ್ಟು ಕೈಮುಗಿದು ಬರುತ್ತಾರೆ. ಪುಣ್ಯದ ಖಾತೆಗೆ ಜಮಾ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ಅದು ಊರಿನ ಆಮೆಗಳ ತುತ್ತಿಗೂ, ಬಿಸಿಲು ಕಾಯಿಸಿಕೊಳ್ಳುವ ಬಂಡೆಗೂ ಪೈಪೋಟಿಗೆ ನಿಲ್ಲುತ್ತದೆ. ಹಾಗಂತ ಕೆರೆಯ ದಂಡೆಯಲ್ಲಿ ಯಾರಿಗಾದರೂ ಹೇಳಿ ನೋಡಿ. ಗೋಹತ್ಯೆ ಮಾಡಲು ಬಂದವರನ್ನು ನೋಡಿದ ಹಾಗೆ ನೋಡುತ್ತಾರೆ. ಒಳಚರಂಡಿ ನೀರು ಬಿಟ್ಟೆವು, ಪಿಒಪಿ ಗಣಪತಿ ಬಿಟ್ಟೆವು, ಬೆಳ್ಳಂದೂರಿನ ಕೆರೆಗಂತೂ ನೊರೆ ಬಂದು ಬೆಂಕಿಯೇ ಹತ್ತಿಕೊಂಡಿತು. ಉಳಿದಿದ್ದು ಪಾಪುವಿನ ಆಮೆ.

ಪರದೇಶಿ ಬೇಡ, ಸ್ವದೇಶಿ ಸಾಕೋಣ ಅನ್ನುವ ದೇಶಭಕ್ತರಿಗೆ ಕಾನೂನು ಅಡ್ಡ. ಕೋಲಾರದ ಕಡೆಯ ಕುರುಚಲು ಕಾಡಿನ ನಕ್ಷತ್ರ ಆಮೆ ವನ್ಯಜೀವಿ ಕಾಯಿದೆಯ 2022ರ ತಿದ್ದುಪಡಿಯ ನಂತರ ಮೊದಲನೇ ಪರಿಶಿಷ್ಟದಲ್ಲಿ ಕೂತಿದೆ; ಮನೆಯಲ್ಲಿ ಸಿಕ್ಕರೆ ಕನಿಷ್ಠ 3 ವರ್ಷ ಜೈಲು. ಅಜ್ಜಿ ಪಂಜರದಲ್ಲಿಟ್ಟು ರಾಮನಾಮ ಕಲಿಸುವ ಹಸಿರು ಗಿಳಿಯೂ ರಕ್ಷಿತ ಪಕ್ಷಿಯೇ, ಸಾಕುವಂತಿಲ್ಲ. ಇದನ್ನು ಆ ಅಜ್ಜಿಗೆ ಹೇಳುವ ಧೈರ್ಯ ಅರಣ್ಯ ಇಲಾಖೆಗೂ ಇದ್ದಂತಿಲ್ಲ.

ಇನ್ನು ಇಗುವಾನಾ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಹಾರುವ ಓತಿಯೊಂದನ್ನು ನೋಡಲು ಒಂದು ತಂಡವೇ ಕಾಡು ಹೊಕ್ಕಿತ್ತು, ಈಗಿನವರು ಹಾರದ ಓತಿಯನ್ನು ಸಾವಿರಗಟ್ಟಲೆ ಕೊಟ್ಟು ಹಾಲಿಗೇ ತರಿಸುತ್ತಾರೆ. ಪೂರ್ತಿ ಬೆಳೆದರೆ ಬಾಲ ಸೇರಿ 5 ಅಡಿ ದಾಟುತ್ತದೆ. ಚಳಿಗೆ ಬೆಚ್ಚನೆಯ ದೀಪ, ಬಿಸಿಲಿಗೆ ಬದಲು ಬೇರೆ ದೀಪ, ತಿನ್ನಲು ದಿನಕ್ಕಿಷ್ಟು ಸೊಪ್ಪು, ದಾಸವಾಳ. ಹರಿವೆ ಸೊಪ್ಪಿನ ಹುಳಿ ಮಾಡಿದರೆ ತಟ್ಟೆ ನೂಕುವ ಮಗನಿಗೆ, ತೊಳೆದು ಸಣ್ಣಗೆ ಹೆಚ್ಚಿದ ಸೊಪ್ಪು ತಿನ್ನುವ ತಮ್ಮ. ಗಣಪತಿಗೆಂದು ಅಜ್ಜಿ ಕಿತ್ತಿಟ್ಟ ದಾಸವಾಳ ಪೂಜೆಯ ಹೊತ್ತಿಗೆ ಇರುವುದಿಲ್ಲ. ಹಲ್ಲಿ ತಲೆ ಮೇಲೆ ಬಿದ್ದರೆ ಕಲಹ, ಭುಜಕ್ಕೆ ಬಿದ್ದರೆ ಇನ್ನೇನೋ ಎಂದು ಪಂಚಾಂಗ ತೆಗೆಯುವ ಮನೆ ಅದು. ಮೊಮ್ಮಗನ ಭುಜದ ಮೇಲೆ ಇಡೀ ಸಂಜೆ ಕೂರುವ ಈ ಮಹಾಹಲ್ಲಿಗೆ ಯಾವ ಫಲ ಎಂದು ಅಜ್ಜಿ ಪುರೋಹಿತರಿಗೆ ಫೋನು ಮಾಡಿದರಂತೆ. ಅವರು ಒಂದು ಶಾಂತಿ ಹೇಳಿದರು. ಪುರೋಹಿತರಿಗೆ ಖಂಡಿತ ಧನಲಾಭ.

ಇಗುವಾನಾದಂಥವನ್ನು ‘ಪರಿವೇಶ್’ ಪೋರ್ಟಲಿನಲ್ಲಿ ನೋಂದಾಯಿಸಬೇಕು, ಹುಟ್ಟು, ಸಾವು, ಕೈಬದಲು ಎಲ್ಲದರ ವರದಿ ಕೊಡಬೇಕು ಎಂದು 2024ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಮಾಲೀಕ ಎಂಬ ಜಾಗದಲ್ಲಿ ಮಾತ್ರ ಪಾಪುವಿನ ಹೆಸರಿಲ್ಲ, ಅಪ್ಪನ ಹೆಸರು. ಬೇನಾಮಿ ಬಯಲಾಗುವುದು ಯಾವಾಗಲೂ ಕಾಗದದಲ್ಲೇ.

ಹ್ಯಾಮ್‌ಸ್ಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಡುಗೆಮನೆಯಲ್ಲಿ ಇಲಿಗೆ ಅಂಟಿನ ಹಾಳೆ, ಹಾಲಿನಲ್ಲಿ ಇಲಿಗೆ ಎರಡಂತಸ್ತಿನ ಮನೆ ಮತ್ತು ಸೂರ್ಯಕಾಂತಿ ಬೀಜ. ಒಂಟಿಯಾಗಿರಲು ಬಯಸುವ ಪ್ರಾಣಿಯನ್ನು ‘ಪಾಪ, ಬೇಜಾರಾಗುತ್ತೆ’ ಎಂದು ಜೋಡಿ ಮಾಡಿ ಮಾರುತ್ತಾರೆ. 16 ದಿನಕ್ಕೆಲ್ಲ ಬಾಣಂತನ. ರಾತ್ರಿಯಿಡೀ ಚಕ್ರ ತುಳಿಯುವುದು ಅದರ ಸ್ವಭಾವ. ಮಗು ಮಲಗಿರುತ್ತದೆ, ಆದ್ದರಿಂದ ಕೇಳಿಸುವುದು ಯಾರಿಗೆಂದು ಹೇಳಬೇಕಿಲ್ಲ.

ಎಲ್ಲಕ್ಕಿಂತ ಅಗ್ಗವಾಗಿ ಸಿಕ್ಕಿ ಎಲ್ಲಕ್ಕಿಂತ ದುಬಾರಿಯಾಗುವುದು ಬಣ್ಣದ ಕೋಳಿಮರಿ. ಜಾತ್ರೆಯಲ್ಲಿ, ಶಾಲೆಯ ಗೇಟಿನೆದುರು, ರಟ್ಟಿನ ಪೆಟ್ಟಿಗೆಯಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣದ ಚಿಂವ್‌ಚಿಂವ್. ಮೊಟ್ಟೆಕೋಳಿಯ ಹ್ಯಾಚರಿಯಲ್ಲಿ ಹುಟ್ಟುವ ಹುಂಜದ ಮರಿ ಯಾರಿಗೂ ಬೇಡ. ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರಿನ ಹಾಗೆ ಬೇಗ ಮೈಯೂ ತುಂಬುವುದಿಲ್ಲ. ಗಂಡಾಗಿ ಹುಟ್ಟಿದ್ದಕ್ಕೆ ಬೇಡವಾಗುವ ಜೀವಗಳು ಈ ದೇಶದಲ್ಲಿ ಎರಡೇ ಇರಬೇಕು, ಇದು ಮತ್ತು ಸೀಮೆಹಸುವಿನ ಕರು. ಹಾಗೆ ಬೇಡವಾದವಕ್ಕೆ ಬಣ್ಣ ಅದ್ದಿ ಮಕ್ಕಳ ಮುಂದಿಡುತ್ತಾರೆ. ತಾಯಿರೆಕ್ಕೆಯ ಬಿಸಿ ಇಲ್ಲದೆ ಬಹುಪಾಲು ಮರಿಗಳು ವಾರ ದಾಟುವುದಿಲ್ಲ. ಕೊಡಿಸುವವರಿಗೆ ಇದು ಗೊತ್ತು, ಗೊತ್ತಿರುವುದಕ್ಕೇ ಕೊಡಿಸುತ್ತಾರೆ. ‘ಎರಡು ದಿನ ಆಡಿಕೊಳ್ಳಲಿ ಬಿಡೇ’ ಎಂಬ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಬಿ ಬ್ಲಾಕಿನವರ ಗ್ರಹಚಾರಕ್ಕೆ ಅವರದು ಬದುಕಿಬಿಟ್ಟಿತು. ಮಗಳು ಅದನ್ನು ಟೇಬಲ್ ಲ್ಯಾಂಪಿನ ಕೆಳಗೆ ಇಟ್ಟು, ನುಚ್ಚು ತಿನ್ನಿಸಿ, ಗುಲಾಬಿ ಬಣ್ಣಕ್ಕೆ ಪಿಂಕಿ ಎಂದು ಹೆಸರಿಟ್ಟಳು. ಪುಕ್ಕ ಉದುರಿ ಹೊಸದು ಬರುತ್ತಾ ಬಣ್ಣ ಹೋಯಿತು. ‘ಅಮ್ಮಾ, ಪಿಂಕಿಗೆ ಇಷ್ಟು ಬೇಗ ಕೂದಲು ಬೆಳ್ಳಗಾಯ್ತಾ?’ ಎಂದು ಮಗು ಅತ್ತಿತು. ಆಮೇಲೆ ಕೆಂಪು ಜುಟ್ಟು ಬಂತು. ಆಮೇಲೊಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ, ಬಾಲ್ಕನಿಯ ಕಂಬಿಯ ಮೇಲೆ ನಿಂತು, ಪಿಂಕಿ ತಾನು ಯಾರೆಂದು ಎರಡೂ ಬ್ಲಾಕಿಗೆ ತಿಳಿಸಿತು.

ವಾಟ್ಸಾಪ್ ಗ್ರೂಪಿಗೆ ಅಂಥ ಜೀವಕಳೆ ಲಿಫ್ಟ್ ಕೆಟ್ಟಾಗಲೂ ಬಂದಿರಲಿಲ್ಲ. ರಾತ್ರಿ ಪಾಳಿಯ ಟೆಕ್ಕಿ, ತನ್ನ ಕ್ಲೈಂಟು ‘ನೀವೇನು ಹೊಲದಲ್ಲಿ ಕೂತಿದ್ದೀರಾ’ ಎಂದು ಕೇಳಿದನೆಂದು ಬರೆದ. ನಿವೃತ್ತ ಹೆಡ್‌ಮಾಸ್ತರರು, ಬ್ರಾಹ್ಮೀ ಮುಹೂರ್ತಕ್ಕೆ ಏಳಲು ಇದಕ್ಕಿಂತ ಒಳ್ಳೆಯ ಅಲಾರಂ ಇಲ್ಲ ಎಂದರು. ಸಾಕುಪ್ರಾಣಿ ನಿಷೇಧಿಸುವ ಅಧಿಕಾರ ಅಸೋಸಿಯೇಷನ್‌ಗೆ ಇಲ್ಲ ಎಂಬ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆಯನ್ನು ಹಿಂದೆ ತನ್ನ ಲ್ಯಾಬ್ರಡಾರ್‌ಗಾಗಿ ಗ್ರೂಪಿನಲ್ಲಿ ಹಾಕಿದ್ದಾತನೇ, ‘ಅದು ಡೀಸೆಂಟ್ ಪ್ರಾಣಿಗಳಿಗೆ ಮಾತ್ರ’ ಎಂದು ಸಮಜಾಯಿಷಿ ಕೊಟ್ಟ. ಶನಿವಾರ ಪಿಂಕಿಯನ್ನು ಸೆಕ್ಯುರಿಟಿಯವನ ಹಳ್ಳಿಗೆ ಕಳಿಸಲಾಯಿತು. ‘ಅಲ್ಲಿ ದೊಡ್ಡ ತೋಟ ಇದೆ, ಆರಾಮಾಗಿರುತ್ತೆ.’ ಭಾನುವಾರ ಸೆಕ್ಯುರಿಟಿಯವನಿಗೆ ರಜೆ, ಮನೆಗೆ ನೆಂಟರು. ಬಿ ಬ್ಲಾಕಿನವರದು ಶುದ್ಧ ಸಸ್ಯಾಹಾರಿ ಮನೆ, ಹಾಗಾಗಿ ಅವರು ಹೆಚ್ಚಿನ ವಿವರ ಕೇಳಲಿಲ್ಲ.

ಮಗಳು ಕೇಳಿದಳು. ಅಪ್ಪ ಇಂಟರ್ನೆಟ್ಟಿನಲ್ಲಿ ಹುಡುಕಿ, ಹಸಿರು ಗದ್ದೆಯ ಬದುವಿನ ಮೇಲೆ ನಿಂತ ಬಿಳಿ ಹುಂಜದ ಫೋಟೊ ತೋರಿಸಿದ. ಅವಳು ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಕಾಲಿನವರೆಗೆ ಎಳೆದು ನೋಡಿ, ‘ಇದು ಪಿಂಕಿ ಅಲ್ಲ. ಪಿಂಕಿಗೆ ಎಡಗಾಲಲ್ಲಿ ಒಂದು ಉಗುರಿಲ್ಲ’ ಅಂದಳು. ಇಡೀ ಮನೆಯಲ್ಲಿ ಆ ಕೋಳಿಯನ್ನು ಸರಿಯಾಗಿ ನೋಡಿದ್ದವಳು ಅವಳೊಬ್ಬಳೇ.

ನಮ್ಮ ಮನೆಗೆ ಬಂದದ್ದು ಶಾಲೆಯ ಪ್ರಾಜೆಕ್ಟು, ಶೂ ಡಬ್ಬಿಯಲ್ಲಿ ರೇಷ್ಮೆ ಹುಳು. ಅತ್ತೆಯ ತವರು ಶಿಡ್ಲಘಟ್ಟದ ಕಡೆ. ನಾನು ಬಕೆಟ್ಟಿಗೆ ಕೈ ಹಾಕುವ ಮೊದಲೇ ಅವರು ಡಬ್ಬಿ ವಶಪಡಿಸಿಕೊಂಡರು. ‘ಜ್ವರಕ್ಕೆ ಕೂತಿದಾವೆ, ಸೊಪ್ಪು ಹಾಕಬೇಡ ಕಣೇ’ ಎಂದು ಮೊಮ್ಮಗಳಿಗೆ ಗದರಿಕೆ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಅವರ ಕಡೆ ‘ಜ್ವರ’ ಅನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆ ಅವುಗಳ ಹಸಿವು ನೋಡಬೇಕು! ನಮ್ಮ ಮನೆಯವರು ಆಫೀಸಿನಿಂದ ಬರುವಾಗ ಯಾರದೋ ಕಾಂಪೌಂಡಿನ ಹಿಪ್ಪುನೇರಳೆ ಕೊಂಬೆ ಮುರಿದು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ತುಂಬಿಕೊಂಡು ಬರುವ ಹಾಗಾಯಿತು. ಹುಳು ಹಣ್ಣಾದಾಗ, ಗೂಡು ಕಟ್ಟಿಸುವ ಚಂದ್ರಿಕೆ ಇಲ್ಲದೆ ಪೊರಕೆಕಡ್ಡಿಯ ಮೇಲೆ ಬಿಟ್ಟೆವು. ಹಳದಿ ಗೂಡು ಕಟ್ಟಿದವು.

‘ಆಮೇಲೆ ಸೀರೆ ಹೆಂಗಾಗುತ್ತಜ್ಜಿ?’

‘ಗೂಡನ್ನ ಬಿಸಿನೀರಿಗೆ ಹಾಕ್ತಾರೆ ಪುಟ್ಟಾ. ಇಲ್ಲಾಂದ್ರೆ ಚಿಟ್ಟೆ ತೂತು ಮಾಡ್ಕೊಂಡು ಬಂದು ನೂಲು ಹಾಳು ಮಾಡುತ್ತೆ.’

‘ಒಳಗಿರೋ ಹುಳ?’

ಅತ್ತೆ ಸುಳ್ಳು ಹೇಳುವವರಲ್ಲ. ಮಗಳು ನೆಟ್ಟಗೆ ರೂಮಿಗೆ ಹೋಗಿ, ನನ್ನ ಬೀರು ತೆಗೆದು, ಮೈಸೂರು ಸಿಲ್ಕ್ ಸೀರೆಗಳನ್ನು ಒಂದೊಂದಾಗಿ ಎಣಿಸಿದಳು. ನಮ್ಮ ಗೂಡುಗಳು ಬಿಸಿನೀರು ಕಾಣಲಿಲ್ಲ. ಚಿಟ್ಟೆಗಳು ಬಂದವು. ಹಾರಲು ಬಾರದು, ತಿನ್ನಲು ಬಾಯಿಲ್ಲ, ಬದುಕು ಕೆಲವೇ ದಿನ. ಬರುವುದು ಒಂದೇ ವಿದ್ಯೆ, ಅದರಲ್ಲಿ ಅವು ಸೋಮಾರಿಗಳಲ್ಲ. ಒಂದೊಂದು ಹೆಣ್ಣೂ ನಾನೂರರ ಆಸುಪಾಸು ಮೊಟ್ಟೆಯನ್ನು ಭಾನುವಾರದ ಪೇಪರಿನ ರಿಯಲ್ ಎಸ್ಟೇಟ್ ಪುಟದ ಮೇಲೆ ಸಾಸಿವೆ ಚೆಲ್ಲಿದಂತೆ ಇಟ್ಟು ಹೋಯಿತು.

‘ಹತ್ತು ಹನ್ನೆರಡು ದಿನಕ್ಕೆ ಮರಿ ಆಗ್ತಾವೆ. ಸೊಪ್ಪಿಗೆ ಏನು ಮಾಡ್ತೀಯೋ ನೋಡಮ್ಮಾ’ ಅಂದರು ಅತ್ತೆ.

ಅಂದೇ ರಾತ್ರಿ ಅಪಾರ್ಟ್‌ಮೆಂಟಿನ ಗ್ರೂಪಿಗೆ ಫೋಟೊ ಸಮೇತ ಬರೆದೆ: ಮಕ್ಕಳಿಗೆ ಪ್ರಕೃತಿ ಪಾಠ, ವಾಸನೆಯಿಲ್ಲ, ಸಂಪೂರ್ಣ ಉಚಿತ, ಮೊದಲು ಬಂದವರಿಗೆ ಆದ್ಯತೆ. ತುಂಬ ಹೊತ್ತು ಯಾರೂ ಮಿಸುಕಲಿಲ್ಲ. ಕೊನೆಗೆ ಬಿ ಬ್ಲಾಕಿನ ಪಿಂಕಿಯ ಅಪ್ಪ ಕೇಳಿದರು:

‘ಮೇಡಂ, ಇವು ಕೂಗ್ತಾವಾ?’