ಗಹಾಳ

ಪುಣೆಯ ಸ್ವಾರ್‌ಗೇಟಿನಲ್ಲಿ ಪಿಎಂಪಿಎಂಎಲ್ ಸಿಟಿ ಬಸ್ಸು ಹತ್ತುವಾಗ ಫೋನು ಅಂಗಿ ಜೇಬಿನಲ್ಲಿತ್ತು. ಟಿಕೆಟಿಗೆಂದು ಕೈ ಹಾಕಿದರೆ ಜೇಬು ಮಾತ್ರ ಉಳಿದಿತ್ತು. ಬೆನ್ನಿಗೆ ಒತ್ತಿಕೊಂಡು ಅಷ್ಟು ಅವಸರ ಮಾಡಿದವನು ಬಸ್ಸೇ ಹತ್ತಿರಲಿಲ್ಲ.

ಠಾಣೆಗೆ ಹೋದೆ. ಯಾವುದೆಂದು ಕೇಳಬೇಡಿ.

"ಕಳ್ಳತನ ಆಗಿದೆ."

"ಕದ್ದದ್ದನ್ನು ನೋಡಿದಿರಾ?"

ನೋಡಿದ್ದರೆ ಬಿಡುತ್ತಿದ್ದೆನೇ?

"ಹಾಗಾದರೆ ಗಹಾಳ ಅಂತ ಬರೀರಿ."

ಗಹಾಳ. ಕಾಣೆಯಾಯಿತು ಎನ್ನಲು ಮರಾಠಿಯಲ್ಲಿ ಎಂಥ ಮುದ್ದಾದ ಮಾತು! ಇದರೊಳಗೆ ಕಳ್ಳನಿಲ್ಲ. ಕಳ್ಳನಿಲ್ಲದ ಮೇಲೆ ಎಫ್‌ಐಆರ್ ಯಾಕೆ? ಎಫ್‌ಐಆರ್ ಇಲ್ಲದ ಊರಲ್ಲಿ ಅಪರಾಧ ತಾನೇ ಇಳಿಯುತ್ತದೆ. 2024ರ ಜುಲೈ 1ಕ್ಕೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಕಸಿದು ಓಡುವವರಿಗೆಂದೇ 304ನೇ ಕಲಂ ಇಟ್ಟಿದೆ. ಮೂರು ವರ್ಷದವರೆಗೆ ಸಜೆ. ಗಹಾಳಕ್ಕೆ ಕಲಂ ಇಲ್ಲ. ಓಡಿಹೋದದ್ದಕ್ಕೆ ಫೋನನ್ನೇ ಜೈಲಿಗೆ ಹಾಕಬೇಕು.

ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯಲ್ಲಂತೂ ಗಣಪತಿಗಿಂತ ಮೊದಲು ಫೋನು ಬಿಟ್ಟು ಬರುವವರುಂಟು. ಅವೂ ಗಹಾಳ.

ತಿಂಗಳುಗಳಾದ ಮೇಲೆ ಇವೇ ಗಹಾಳಗಳು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಸಾಲಾಗಿ ಮಲಗುತ್ತವೆ. ಹಿಂದೆ ಸಾಹೇಬರು, ಮುಂದೆ ಕ್ಯಾಮೆರಾ. ಪರರಾಜ್ಯಗಳಿಂದಲೂ ತರಿಸಿದರಂತೆ. ಅಷ್ಟು ದೂರಕ್ಕೆ ಫೋನು ತಾನೇ ಟಿಕೆಟ್ ತೆಗೆಸಿಕೊಂಡು ಹೋಯಿತೇ? ಚಪ್ಪಾಳೆಯ ಮಧ್ಯೆ ಯಾರೂ ಕೇಳುವುದಿಲ್ಲ.

ಬ್ಲಾಕ್ ಮಾಡಿಸಿ ಅಂದರು. ಕಳೆದ ಫೋನು ಬ್ಲಾಕ್ ಮಾಡುವ ಸರ್ಕಾರದ ಸಿಇಐಆರ್ ಒಳ್ಳೆಯ ಏರ್ಪಾಡೇ. 2019ರಲ್ಲಿ ಪ್ರಯೋಗ ಶುರುವಾದದ್ದು ಮಹಾರಾಷ್ಟ್ರದಲ್ಲೇ. 2023ರ ಮೇ ಹೊತ್ತಿಗೆ ಸಂಚಾರ ಸಾಥಿ ಪೋರ್ಟಲಿನ ಮೂಲಕ ದೇಶಕ್ಕೆಲ್ಲ ಬಂತು. ಐಎಂಇಐಯ 15 ಅಂಕಿ, ದೂರಿನ ಪ್ರತಿ ಕೊಟ್ಟರೆ ಕದ್ದ ಹ್ಯಾಂಡ್‌ಸೆಟ್ ಯಾವ ಸಿಮ್ಮಿಗೂ ಓಗೊಡದು. ಜೊತೆಗೊಂದು ಒಟಿಪಿ. ಒಟಿಪಿ ಬರಲು ನಿಮ್ಮ ನಂಬರಿನ ಡೂಪ್ಲಿಕೇಟ್ ಸಿಮ್ ಬೇಕು. ಹೊಸ ಸಿಮ್ಮಿಗೆ 24 ಗಂಟೆ ಎಸ್ಸೆಮ್ಮೆಸ್ ಬಂದ್. ಯಾಕೆ? ನಿಮ್ಮದೇ ಸುರಕ್ಷತೆಗೆ! ಅರ್ಜಿ ಒಳಗೆ ಹೋಗುವಷ್ಟರಲ್ಲಿ ಹ್ಯಾಂಡ್‌ಸೆಟ್ ಎರಡು ಕೈ ದಾಟಿರುತ್ತದೆ.

2025ರ ನವೆಂಬರ್ 28ರಂದು ಇನ್ನೊಂದು ಚಂದ. ಪ್ರತಿ ಹೊಸ ಫೋನಿನಲ್ಲೂ ಸಂಚಾರ ಸಾಥಿ ಆ್ಯಪ್ ಇರಲೇಬೇಕೆಂದು ಕೇಂದ್ರದ ಆಜ್ಞೆ. ಬೊಬ್ಬೆ ಎದ್ದಿತು. ಡಿಸೆಂಬರ್ 3ಕ್ಕೆ ವಾಪಸ್. ಠಾಣೆಯ ಸರ್ಕಾರಕ್ಕೆ ಕಳ್ಳತನ ಕಾಣಿಸದು. ದಿಲ್ಲಿಯ ಸರ್ಕಾರ ನಮ್ಮ ಜೇಬಿನೊಳಗೇ ಕಾವಲು ಕೂರುತ್ತೇನೆಂದಿತು.

ನಾವೇನು ಕಮ್ಮಿ? ಮನೆಗೆ ಎರಡು ಬೀಗ, ಗೇಟಿಗೆ ವಾಚ್‌ಮನ್. ಫೋನಿಗೆ 1234. ಸಿಮ್ಮಿಗೂ ಪಿನ್ ಹಾಕಬಹುದು, ಮೂರು ಸಲ ತಪ್ಪಿದರೆ ಅದೇ ಲಾಕ್ ಆಗುತ್ತದೆ. ಹಾಕಿದವರನ್ನು ನಾನಿನ್ನೂ ನೋಡಿಲ್ಲ. ಹಾಕದಿದ್ದರೆ ಕಳ್ಳ ಸಿಮ್ ಕಿತ್ತು ತನ್ನ ಫೋನಿಗೆ ತುರುಕುತ್ತಾನೆ, ನಿಮ್ಮ ಬ್ಯಾಂಕಿನ ಒಟಿಪಿ ಅವನಿಗೇ ಬರುತ್ತದೆ. ನನ್ನ ಫೋನಿನ ಗ್ಯಾಲರಿಯಲ್ಲಿ ಆಧಾರ್ ಎರಡೂ ಬದಿ ಇತ್ತು. ಕಾಂಟ್ಯಾಕ್ಟಿನಲ್ಲಿ 'ಎಟಿಎಂ ಅಂಕಲ್' ಇದ್ದರು. ಅವರ ನಂಬರಿಗೆ ನಾಲ್ಕೇ ಅಂಕಿ.

ವಾರ ಕಳೆದು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋದೆ. 14422ಕ್ಕೆ ಐಎಂಇಐ ಎಸ್ಸೆಮ್ಮೆಸ್ ಮಾಡಿದರೆ ಫೋನಿನ ಜಾತಕ ಸಿಗುತ್ತದೆಂದು ನನಗೆ ಗೊತ್ತಿತ್ತು. ಮಾಡಲಿಲ್ಲ. ಬೆಲೆ ಅರ್ಧಕ್ಕರ್ಧ ಇತ್ತು.

ಬಿಲ್ಲು, ಬಾಕ್ಸು ಎಲ್ಲಿ ಎಂದು ಮಾತ್ರ ಕೇಳಿದೆ.

ಹುಡುಗ ತಲೆ ಎತ್ತಲಿಲ್ಲ. "ಗಹಾಳ" ಎಂದ.