ಮುಲ್ಕಿಯಾ ಉಂಟಾ?

ದುಬೈಯಲ್ಲಿ ನಾಲ್ಕು ಕನ್ನಡದ ಮನೆಗಳಿರುವ ಕಟ್ಟಡವೆಂದರೆ ಅಲ್ಲಿ ಒಬ್ಬರು ಅಡುಗೆಯ ಭಟ್ಟರು, ಒಬ್ಬರು ಯಕ್ಷಗಾನದ ಭಾಗವತರು, ಒಬ್ಬ ಕ್ರಿಕೆಟ್ ಕ್ಯಾಪ್ಟನ್ ಮತ್ತು ಒಬ್ಬ ಫೈಲಣ್ಣ ಇರಲೇಬೇಕು. ಮೊದಲ ಮೂವರಿಗೆ ಶನಿವಾರ, ಭಾನುವಾರ ಮಾತ್ರ ಕೆಲಸ. ಫೈಲಣ್ಣನಿಗೆ ಹಾಗಲ್ಲ. ಜೂನ್ ಕಳೆಯುತ್ತಿದ್ದಂತೆ ಶುರುವಾದರೆ ಸೆಪ್ಟೆಂಬರ್ ಮುಗಿಯುವವರೆಗೆ ಉಸಿರಾಡಲು ಪುರುಸೊತ್ತಿಲ್ಲ. ಯಾಕೆಂದರೆ ಆ ಮೂರು ತಿಂಗಳು ಒಮಾನಿನ ಸಲಾಲಾದಲ್ಲಿ ಖರೀಫ್.

ಖರೀಫ್ ಎಂದರೆ ಅರಬ್ಬಿಯಲ್ಲಿ ಶರತ್ಕಾಲ. ಊರಿನಲ್ಲಿ ಕೃಷಿ ಇಲಾಖೆಯವರು ‘ಖರೀಫ್ ಬೆಳೆ’ ಎನ್ನುವುದೂ ಇದೇ ಪದ. ನಮ್ಮ ಮುಂಗಾರಿನ ಸೆರಗು ಸಮುದ್ರದ ಆಚೆ ದಡಕ್ಕೂ ಒಂದಿಷ್ಟು ತಾಗಿ, ಸಲಾಲಾ ಇರುವ ಧೋಫಾರ್ ಸೀಮೆಯ ಬೋಳು ಬೆಟ್ಟಗಳು ಹಸಿರಾಗುತ್ತವೆ. ಮಳೆಯೇನೋ ಬರೀ ತುಂತುರು, ಆಟಿ ತಿಂಗಳ ಮಳೆಯಲ್ಲಿ ಬೆಳೆದವರು ಅದಕ್ಕೆ ಕೊಡೆ ಬಿಡಿಸಲಾರರು. ಆದರೂ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿಯನ್ನು ಬಿಟ್ಟು ಬಂದವರು ಆ ತುಂತುರಿಗಾಗಿ ಸುಮಾರು 1200 ಕಿಲೋಮೀಟರ್ ಕಾರು ಓಡಿಸುತ್ತಾರೆ. ದಾರಿಬದಿಯ ಅಂಗಡಿಯಲ್ಲಿ ಬೊಂಡ ಕುಡಿದು, ಬಾಳೆಗೊನೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಊರಿನ ಅಮ್ಮನಿಗೆ ಕಳಿಸುತ್ತಾರೆ. ಅಮ್ಮ ಕೇಳುತ್ತಾರೆ: “ಊರಿಗೆ ಬಂದದ್ದಾ? ಹೇಳಲೇ ಇಲ್ಲವಲ್ಲ!”

ಈ ಪುಣ್ಯಯಾತ್ರೆಗೆ ಹೊರಟವರು ಮೊದಲು ಫೈಲಣ್ಣನ ಪರೀಕ್ಷೆ ಪಾಸಾಗಬೇಕು. ಪರೀಕ್ಷೆ ನಡೆಯುವುದು ಲಿಫ್ಟಿನಲ್ಲಿ. ಓಡಿಹೋಗಲು ಜಾಗವಿಲ್ಲದ ಸ್ಥಳವೆಂದು ಅವರು ಅದನ್ನೇ ಆರಿಸಿಕೊಂಡಿದ್ದಾರೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಮುಲ್ಕಿಯಾ ಉಂಟಾ?”

ಊರಿನಿಂದ ಹೊಸದಾಗಿ ಬಂದ ಹುಡುಗನೊಬ್ಬ ಈ ಪ್ರಶ್ನೆಗೆ ಬಹಳ ವಿನಯದಿಂದ, “ಅಲ್ಲ ಅಣ್ಣ, ನಾನು ಪಡುಬಿದ್ರಿ. ಮುಲ್ಕಿ ಹೆಂಡತಿಯ ಊರು” ಎಂದು ಉತ್ತರಿಸಿದ್ದ. ಮುಲ್ಕಿಯಾ ಎಂದರೆ ಈ ದೇಶದಲ್ಲಿ ಗಾಡಿಯ ನೋಂದಣಿ ಕಾರ್ಡು, ನಮ್ಮ ಆರ್‌ಸಿ ಎಂಬುದು ಅವನಿಗೆ ಗೊತ್ತಾಗುವಷ್ಟರಲ್ಲಿ ಲಿಫ್ಟು ಎರಡು ಸಲ ಮೇಲೆ ಕೆಳಗೆ ಹೋಗಿಬಂದಿತ್ತು. ಅಷ್ಟರಲ್ಲಿ ಉಳಿದ ಪ್ರಶ್ನೆಗಳೂ ಬಂದಿದ್ದವು. ಗಾಡಿ ನಿಮ್ಮ ಹೆಸರಲ್ಲಿ ಉಂಟಾ, ಕಂಪನಿಯ ಹೆಸರಲ್ಲಾ? ಕಂಪನಿಯದ್ದಾದರೆ ಎನ್‌ಒಸಿ ಬೇಕು, ಬಾಡಿಗೆ ಗಾಡಿಗೂ ಬೇಕು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳು ಉಂಟಾ? ವಿಮೆಯಲ್ಲಿ ಒಮಾನ್ ಸೇರಿದೆಯಾ? “ಫುಲ್ ಇನ್ಶೂರೆನ್ಸ್ ಅಂತ ಎದೆ ತಟ್ಟಿಕೊಳ್ಳಬೇಡಿ ಮಾರಾಯ್ರೆ. ನಿಮ್ಮ ಫುಲ್ಲು ಗಡಿ ಗೇಟಿನವರೆಗೆ. ಆಚೆ ಒಂದು ಒಂಟೆ ಅಡ್ಡ ಬಂದರೆ ಮತ್ತೆ ನೀವುಂಟು, ಒಂಟೆ ಉಂಟು.”

ಇನ್ನು ಆ ಫೈಲು. ನೀಲಿ ಬಣ್ಣದ ದಪ್ಪ ರಿಂಗ್ ಫೈಲು, ಒಳಗೆ ಪ್ಲಾಸ್ಟಿಕ್ ಕವರುಗಳು, ಕವರಿಗೊಂದು ಬಣ್ಣದ ಚೀಟಿ. ಪಾಸ್‌ಪೋರ್ಟಿಗೆ ಕೆಂಪು, ವೀಸಾಕ್ಕೆ ಹಸಿರು, ಹೋಟೆಲ್ ಬುಕಿಂಗಿಗೆ ಹಳದಿ. ಅರಬ್ ದೇಶಗಳೊಳಗೆ ಗಡಿ ದಾಟುವ ವಾಹನದ ವಿಮೆಗೆ ‘ಆರೆಂಜ್ ಕಾರ್ಡ್’ ಎಂದು ಹೆಸರು. ಅದರ ಚೀಟಿ ಕಿತ್ತಳೆ ಬಣ್ಣದ್ದೇ ಆಗಬೇಕೆಂದು ಫೈಲಣ್ಣ ಮೂರು ಸ್ಟೇಷನರಿ ಅಂಗಡಿ ಸುತ್ತಿದವರು. ಪ್ರತಿಯೊಂದಕ್ಕೂ ಮೂರು ಜೆರಾಕ್ಸ್: ಒಂದು ತೋರಿಸಲಿಕ್ಕೆ, ಒಂದು ಕೊಡಲಿಕ್ಕೆ, ಮತ್ತೊಂದು, ಕೊಟ್ಟದ್ದನ್ನು ಅವರು ಕಳೆದುಕೊಂಡರೆ ಮತ್ತೆ ಕೊಡಲಿಕ್ಕೆ.

ಹೊರಡುವ ಹಿಂದಿನ ರಾತ್ರಿಯ ದೃಶ್ಯವನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆ ವರ್ಷ ನಮ್ಮೆರಡೂ ಮನೆಯವರು ಒಟ್ಟಿಗೆ ಹೊರಟಿದ್ದೆವು. ಫೈಲಣ್ಣನ ಹೆಂಡತಿ, ನಮಗೆಲ್ಲ ಅಕ್ಕ, ಅಡುಗೆಮನೆಯಲ್ಲಿ ಬುತ್ತಿ ಕಟ್ಟುತ್ತಿದ್ದರೆ ಅಣ್ಣ ಮೂಗಿನ ತುದಿಗೆ ಕನ್ನಡಕ ಇಳಿಸಿ, ಕೈಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಚಕ್ಕುಲಿ ಡಬ್ಬಿಯ ಮುಂದೆ ಕುಳಿತಿದ್ದರು. ಯುಎಇಯಲ್ಲಿ ಗಸಗಸೆ ನಿಷಿದ್ಧ. ನಮಗೆ ಅದು ಪಾಯಸ, ಇಲ್ಲಿಯ ಕಾನೂನಿಗೆ ಅಫೀಮಿನ ಗಿಡದ ಬೀಜ. ಊರಿನಿಂದ ಅಮ್ಮ ಪ್ರೀತಿಯಿಂದ ಕಳಿಸಿದ ಮಸಾಲೆ ಪುಡಿಯಿಂದ ಜೈಲು ಕಾಣುವ ಸಾಧ್ಯತೆ ನಿಜವಾಗಿಯೂ ಇದೆ. ಹೋಗುವಾಗ ಸರಿ, ವಾಪಸು ಬರುವಾಗ ಡಬ್ಬಿ ತೆರೆಸಿದರೆ?

“ಇದು ಎಳ್ಳೇ ಅಲ್ವಾ?”

“ಎಳ್ಳಲ್ಲದೆ ಎಂತ? ನಾನೇ ಹಾಕಿದ್ದು.”

“ಗಾತ್ರ ಸ್ವಲ್ಪ ಸಣ್ಣ ಕಾಣ್ತದೆ.”

“ಬೇಕಾದರೆ ಜಗಿದು ನೋಡಿ” ಎಂದರು ಅಕ್ಕ, ತಿರುಗಿಯೂ ನೋಡದೆ.

ಅಣ್ಣ ಜಗಿದು ನೋಡಿದರು. ಒಂದು ಚಕ್ಕುಲಿಯಿಂದ ಇಡೀ ಡಬ್ಬಿಯ ಬಗ್ಗೆ ತೀರ್ಮಾನಕ್ಕೆ ಬರುವುದು ನಿಯಮಬದ್ಧವಲ್ಲವಾದ್ದರಿಂದ ಮತ್ತೊಂದು ನೋಡಿದರು. ತಪಾಸಣೆ ಮುಗಿದು ‘ಎಳ್ಳೇ’ ಎಂಬ ತೀರ್ಪು ಬಂದಾಗ ಡಬ್ಬಿ ಅರ್ಧ ಖಾಲಿ.

ಮರುದಿನ ಬೆಳಗಿನ ಜಾವ ಅಲ್ ಐನ್ ದಾಟಿ ಗಡಿಗೆ ಬಂದೆವು. ಫೈಲಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು, ಹೆಣ್ಣು ನೋಡಲು ಹೊರಟವರ ಹಾಗೆ. ಕಿಟಕಿಯ ಆಚೆ ಕುಳಿತಿದ್ದ ಯುವ ಅಧಿಕಾರಿ ಪಾಸ್‌ಪೋರ್ಟು ಕೇಳಿದ, ಮುಲ್ಕಿಯಾ ಕೇಳಿದ, ವಿಮೆ ಕೇಳಿದ. ಟಪ್ ಟಪ್ ಎಂದು ಮುದ್ರೆ ಒತ್ತಿ ವಾಪಸು ಕೊಟ್ಟ. ಫೈಲಣ್ಣ ಕಿಟಕಿ ಬಿಟ್ಟು ಕದಲಲಿಲ್ಲ. ಹೋಟೆಲ್ ಬುಕಿಂಗ್ ಬೇಡವಾ, ಮದುವೆಯ ಸರ್ಟಿಫಿಕೇಟ್ ಬೇಡವಾ, ಅಕ್ಕನ ಥೈರಾಯ್ಡ್ ಮಾತ್ರೆಗೆ ಡಾಕ್ಟರರ ಚೀಟಿ ಉಂಟು, ಅದಾದರೂ? ಅಧಿಕಾರಿ ನಕ್ಕು ಕೈಯಾಡಿಸಿ ಹೇಳಿದ: “ಖಲಾಸ್!” ಅರಬ್ಬಿಯಲ್ಲೂ ಕನ್ನಡದಲ್ಲೂ ಒಂದೇ ಅರ್ಥ ಇರುವ ಆ ಮಾತು ಕೇಳಿ ಅಣ್ಣನ ಮುಖ ಬಾಡಿತು. ಇಡೀ ಪುಸ್ತಕ ಓದಿಕೊಂಡು ಹೋದವನಿಗೆ ಮೊದಲ ಪಾಠದಿಂದ ಮಾತ್ರ ಪ್ರಶ್ನೆ ಬಂದರೆ ಇನ್ನೇನಾಗುತ್ತದೆ?

ಆ ದುಃಖವನ್ನು ಅವರು ದಾರಿಯುದ್ದಕ್ಕೂ ನಮ್ಮ ಮೇಲೆ ತೀರಿಸಿಕೊಂಡರು. ಆದಮ್ ದಾಟಿದ ಮೇಲೆ ತುಮ್ರೈತ್‌ವರೆಗೆ ರಸ್ತೆ ಎಂದರೆ ಮರಳಿನ ಮೇಲೆ ಎಳೆದ ಗೆರೆ. ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಟ್ಯಾಂಕ್ ತುಂಬಿಸಬೇಕು, ಕತ್ತಲಾದ ಮೇಲೆ ಒಂಟೆಗಳಿಗಾಗಿ ವೇಗ ತಗ್ಗಿಸಬೇಕು. ಬಂಕಿನಲ್ಲಿ ಕೊಟ್ಟ ಚಿಲ್ಲರೆಯ ಮೇಲೂ ಒಂದು ಉಪನ್ಯಾಸವಾಯಿತು: ಒಮಾನಿನ ರಿಯಾಲಿಗೆ 1000 ಬೈಸ, ಆ ಬೈಸ ನಮ್ಮ ಪೈಸೆಯ ತಮ್ಮನೇ, 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕೇ ಈ ಸೀಮೆಗೆಂದು ಬೇರೆ ‘ಗಲ್ಫ್ ರೂಪಾಯಿ’ ಅಚ್ಚು ಹಾಕಿಸಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆ ಹೋಗಿದ್ದರು. ನಾನು ಹೋಗುವಂತಿರಲಿಲ್ಲ, ಸ್ಟೇರಿಂಗ್ ನನ್ನ ಕೈಯಲ್ಲಿತ್ತು.

ಇಂಥ ಫೈಲಣ್ಣನೂ ಒಮ್ಮೆ ಸೋತದ್ದುಂಟು. ಫುಜೈರಾ ಮತ್ತು ಖೋರ್‌ಫಕ್ಕಾನ್ ನಡುವೆ ಮದ್ಹಾ ಎಂಬ ಊರು. ಸುಮಾರು 75 ಚದರ ಕಿಲೋಮೀಟರಿನ ಆ ತುಂಡು ಒಮಾನಿನದು, ಸುತ್ತಲೂ ಯುಎಇ. ಆ ಮದ್ಹಾದ ಹೊಟ್ಟೆಯೊಳಗೆ ನಹ್ವಾ ಎಂಬ ಪುಟ್ಟ ಹಳ್ಳಿ, ಅದು ಮತ್ತೆ ಯುಎಇಯದು. ಹೋಳಿಗೆಯೊಳಗೆ ಹೂರಣ, ಹೂರಣದೊಳಗೆ ಇನ್ನೊಂದು ಹೋಳಿಗೆ! ಗೇಟಿಲ್ಲ, ಪೊಲೀಸರಿಲ್ಲ, ಮುದ್ರೆಯಿಲ್ಲ. ಒಂದು ಭಾನುವಾರ ಫೈಲಿಲ್ಲದೆ ಸುಮ್ಮನೆ ಸುತ್ತಾಡಲು ಹೋದ ಅಣ್ಣ ಆ ರಸ್ತೆಗೆ ಹೊಕ್ಕರು. ‘ಒಮಾನಿಗೆ ಸ್ವಾಗತ’ ಎಂದು ಫೋನು ಕುಂಯ್‌ಗುಟ್ಟಿತು. ಗಾಬರಿಯಲ್ಲಿ ಮುಂದೆ ಹೋದರು, ಯುಎಇ ಬಂತು. ತಿರುಗಿಸಿದರು, ಮತ್ತೆ ಒಮಾನ್. ಹೊರಬರುವಷ್ಟರಲ್ಲಿ ನಾಲ್ಕು ಸಲ ಅಂತರರಾಷ್ಟ್ರೀಯ ಗಡಿ ದಾಟಿಯಾಗಿತ್ತು, ಒಂದು ಜೆರಾಕ್ಸೂ ಇಲ್ಲದೆ. ಅಷ್ಟು ಹೊತ್ತೂ ಗಾಡಿ ಮೂವತ್ತರ ಮೇಲೆ ಹೋಗಲಿಲ್ಲವೆಂದು ಅಕ್ಕ ಇವತ್ತಿಗೂ ಹೇಳಿ ನಗುತ್ತಾರೆ. ಮರುದಿನ ಫೈಲಿನಲ್ಲಿ ಹೊಸ ಕವರೊಂದು ಬಂತು: ‘ಮದ್ಹಾ’.

ಈ ಕಥೆಯನ್ನು ಕಟ್ಟಡದ ಮನೆಮನೆಗೂ ಹಂಚಿದವನು ನಾನೇ. ಆ ಉತ್ಸಾಹದಲ್ಲಿಯೇ ಮುಂದಿನ ಖರೀಫಿಗೆ ಫೈಲಣ್ಣನನ್ನು ಕೇಳದೆ, ಲಿಫ್ಟಿಗೂ ಕಾಲಿಡದೆ ಮೆಟ್ಟಿಲಿಳಿದು ಸಂಸಾರ ಸಮೇತ ಹೊರಟೆ. ಮಕ್ಕಳು ಮನೆಯಿಂದಲೇ ರೇನ್‌ಕೋಟ್ ಹಾಕಿಕೊಂಡಿದ್ದರು. ಗಡಿಯಲ್ಲಿ ಮುಲ್ಕಿಯಾ ಕೇಳಿದರು, ಎದೆಯುಬ್ಬಿಸಿ ಕೊಟ್ಟೆ. ಅಧಿಕಾರಿ ಕಾರ್ಡಿನ ಹೆಸರು ನೋಡಿದ, ನನ್ನ ಮುಖ ನೋಡಿದ. ಆ ವರ್ಷವಷ್ಟೇ ಸ್ವಂತ ಕಾರು ಮಾರಿ ಆಫೀಸಿನ ಕಾರು ತೆಗೆದುಕೊಂಡಿದ್ದೆ. ಎನ್‌ಒಸಿ? ಶನಿವಾರ ಬೆಳಗಿನ ಐದು ಗಂಟೆಗೆ ಯಾವ ಆಫೀಸು ತೆರೆದಿರುತ್ತದೆ? ಮೂರು ಸಲ ಬೇಡಿಕೊಂಡೆ. ಅವನು ಮರ್ಯಾದೆಯಿಂದಲೇ ಗಾಡಿ ತಿರುಗಿಸಲು ಜಾಗ ತೋರಿಸಿದ.

ಬಿಸಿಲೇರುವ ಹೊತ್ತಿಗೆ ಮನೆ ತಲುಪಿ, ಚೀಲಗಳ ಸಮೇತ ಲಿಫ್ಟು ಹತ್ತಿದರೆ ಒಳಗೆ ಹಾಲಿನ ಪ್ಯಾಕೆಟ್ ಹಿಡಿದ ಫೈಲಣ್ಣ. ರೇನ್‌ಕೋಟ್ ಹಾಕಿದ ಮಕ್ಕಳನ್ನು ಮೇಲಿಂದ ಕೆಳಗೆ ನೋಡಿದರು. ನಗಲಿಲ್ಲ.

“ಎನ್‌ಒಸಿಯಾ?”

“ಹೌದಣ್ಣ.”

“ಮಾದರಿ ಪತ್ರ ನನ್ನಲ್ಲಿ ಉಂಟು. ಅರಬ್ಬಿಯಲ್ಲೂ ಉಂಟು. ಸೋಮವಾರ ಆಫೀಸಿನಲ್ಲಿ ಸೀಲು ಹಾಕಿಸಿ.” ಅವರ ಮಹಡಿ ಬಂತು. ಬಾಗಿಲು ಮುಚ್ಚುವ ಮುಂಚೆ ತಿರುಗಿ ಹೇಳಿದರು: “ವಿಮೆಯವರಿಗೂ ಒಮ್ಮೆ ಫೋನ್ ಮಾಡಿ ಕೇಳಿ ಮಾರಾಯ್ರೆ. ಕಳೆದ ವರ್ಷದ್ದು ಈ ವರ್ಷಕ್ಕೆ ನಡೆಯುವುದಿಲ್ಲ.”

ನೀವಿರುವ ಕಟ್ಟಡದಲ್ಲೂ ಒಬ್ಬ ಫೈಲಣ್ಣ ಇದ್ದೇ ಇರುತ್ತಾರೆ. ಗಡಿಯಾಚೆ ಹೊರಡುವ ಮುನ್ನ ಒಂದು ವಾರ ಇರುವಾಗಲೇ ಅವರ ಬಾಗಿಲು ತಟ್ಟಿ. ಹೋಗುವಾಗ ಚಕ್ಕುಲಿ ತೆಗೆದುಕೊಂಡು ಹೋಗಿ, ಎಳ್ಳು ಹಾಕದ್ದು.