ರೇಡಿಯೊ ಕಿವಿ ಹಿಂಡುವಾತ

ಹಳೆಯ ವಾಲ್ವ್ ರೇಡಿಯೊಗಳನ್ನು ಮತ್ತೆ ಮಾತಾಡಿಸುವ ಹವ್ಯಾಸಿ ಕೊಲ್ಲಾಪುರ ಜಿಲ್ಲೆಯ ಉದಗಾಂವ, ಜಯಸಿಂಗಪುರ, ಕುರುಂದವಾಡದ ಆಸುಪಾಸಿನಲ್ಲಿ ಇಂದಿಗೂ ಕಾಣಸಿಗುತ್ತಾನೆ. ವಯಸ್ಸು ಅರವತ್ತರ ಆಚೆ. ಹಿಂದೆ ಸಕ್ಕರೆ ಕಾರ್ಖಾನೆಯ ಫಿಟ್ಟರ್ ಆಗಿದ್ದಿರಬಹುದು, ಇಚಲಕರಂಜಿಯ ಮಗ್ಗದ ಜಾಬರ್ ಆಗಿದ್ದಿರಬಹುದು, ಇಲ್ಲವೇ ಗಣಿತದ ಮಾಸ್ತರ. ಜೇಬಿನಲ್ಲಿ ಟೆಸ್ಟರ್, ಬೆರಳ ಮೇಲೆ ಬೆಸುಗೆ ಕಡ್ಡಿಯ ಸುಟ್ಟ ಕಲೆ, ಯಾರ ಮನೆಗೆ ಹೋದರೂ ಮೊದಲು ಅಟ್ಟದತ್ತ ಹೊರಳುವ ಕಣ್ಣು ಇವು ಈತನ ಗುರುತು. ಸಾವಿನ ಮನೆಗೆ ಮಾತಾಡಿಸಲು ಹೋದವನು ತುಸು ಹೊತ್ತು ತಲೆ ಬಗ್ಗಿಸಿ ಕೂತು, ಆಮೇಲೆ ಮೆಲ್ಲಗೆ ಕೇಳುತ್ತಾನೆ: "ಅಜ್ಜಾರು ದಿನಾ ರೇಡಿಯೊ ಕೇಳತಿದ್ರಲ್ಲ, ಅದು ಮರ್ಫಿನೋ, ಬುಶ್ಶೋ?"

ಸರಕಿಗೆ ಈ ಭಾಗದಲ್ಲಿ ಕೊರತೆಯಿಲ್ಲ. ಅಳಿಯನಿಗೆ ಸೈಕಲ್, ಕೈಗಡಿಯಾರ, ರೇಡಿಯೊ ಕೊಡುತ್ತಿದ್ದ ಕಾಲದಲ್ಲಿ ಮರ್ಫಿ, ಬುಶ್, ಫಿಲಿಪ್ಸ್, ನ್ಯಾಷನಲ್ ಎಕೋ ಪೆಟ್ಟಿಗೆಗಳು ಮನೆ ಮನೆ ಸೇರಿದವು. ಅವಕ್ಕೆ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಕಟ್ಟಬೇಕಿತ್ತು. ಆ ಲೈಸೆನ್ಸ್ ಪುಸ್ತಕವೂ ಜೊತೆಗೆ ಸಿಕ್ಕರೆ ಹವ್ಯಾಸಿಯ ಆನಂದ ಹೇಳತೀರದು. ಮೀರಜ್, ಸಾಂಗಲಿಯ ಗುಜರಿಯಲ್ಲಿ ಚೌಕಾಸಿ ನಡೆಯುವುದು ಮರಾಠಿಯಲ್ಲಿ. ಮನೆಗೆ ತಂದ ಮೇಲೆ ರೇಡಿಯೊವನ್ನು ಬೈಯುವುದು ಮಾತ್ರ ಅಪ್ಪಟ ಕನ್ನಡದಲ್ಲಿ. 2019ರ ಆಗಸ್ಟಿನಲ್ಲಿ ಕೃಷ್ಣೆ ಶಿರೋಳ ತಾಲೂಕಿಗೆ ನುಗ್ಗಿದಾಗ ಜನ ಜೋಳದ ಚೀಲ, ಹೊಲದ ಉತಾರ ಮೇಲಕ್ಕೆ ಎತ್ತಿಟ್ಟರು. ಈ ಜಾತಿಯವನು ಮೊದಲು ಎತ್ತುವುದು ಟ್ರಾನ್ಸ್‌ಫಾರ್ಮರ್ ಇರುವ ಪೆಟ್ಟಿಗೆಯನ್ನು. ನೀರು ಕುಡಿದ ಸೆಟ್ಟಿನ ಪ್ಲೈವುಡ್ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ, ಸ್ಪೀಕರಿನ ಕಾಗದ ಕೈಗೇ ಬರುತ್ತದೆ, ಕಾಯಿಲ್‌ಗಳಿಗೆ ಹಸಿರು ಕಿಲುಬು ಹತ್ತುತ್ತದೆ ಎಂಬುದು ಈತನಿಗೆ ಚೆನ್ನಾಗಿ ಗೊತ್ತು.

ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಸೆಟ್ಟಿಗೆ ಸರಣಿಯಲ್ಲಿ ಹಳೆಯ 60 ವಾಟಿನ ತಂತಿಬಲ್ಬು ಕಟ್ಟಿ ಕರೆಂಟು ಕೊಡಬೇಕು. ಬಲ್ಬು ಪೂರ್ತಿ ಬೆಳಗಿ ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ ಎಂದರ್ಥ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಆದ್ದರಿಂದ ಮನೆಯ ಕೊನೆಯ ತಂತಿಬಲ್ಬು ಟ್ರೆಜರಿಯಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ಆಮೇಲೆ ಮೇಣದ ಕಾಗದ ಸುತ್ತಿದ ಕಂಡೆನ್ಸರುಗಳ ಸರದಿ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ ಕಂಡೆನ್ಸರ್ ಸೋರಿದರೆ ವಾಲ್ವಿನ ತಗಡು ಕೆಂಪಗೆ ಕಾದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಹೊಸದು ಹಾಕಿದರೆ ಕೆಲಸ ಮುಗಿಯಿತಲ್ಲ? ಇಲ್ಲ. ಹಳೆಯದರ ಹೊಟ್ಟೆ ಬಗೆದು, ಹೊಸ ಚಿಕ್ಕ ಕಂಡೆನ್ಸರನ್ನು ಅದರೊಳಗೆ ತುರುಕಿ, ಮೇಲೆ ಮೇಣ ಹುಯ್ದು, ಏನೂ ಆಗಿಲ್ಲವೆಂಬಂತೆ ಬೆಸೆಯಬೇಕು. ಪೆಟ್ಟಿಗೆಯ ಬೆನ್ನ ಹಲಗೆ ತೆಗೆದು ಇದನ್ನು ನೋಡುವವನು ಜಗತ್ತಿನಲ್ಲಿ ಈತನೊಬ್ಬನೇ. ವಾಲ್ವು ಸತ್ತಿದ್ದರೆ ಬೇರೆ ಕಥೆ. ಬೆಂಗಳೂರಿನ ಬಿಇಎಲ್ 1961ರಿಂದ ರೇಡಿಯೊ ವಾಲ್ವು ತಯಾರಿಸಿತು. ಅದರ ಮುದ್ರೆಯ ಇಸಿಎಚ್ 81 ಒಂದು ಸಿಕ್ಕರೆ ಆ ದಿನ ಮನೆಯಲ್ಲಿ ಶಿರಾ.

ಆದರೆ ಈತನ ನಿಜವಾದ ಗುಣ ತಿಳಿಯುವುದು ಡಯಲ್ ದಾರ ಪೋಣಿಸುವಾಗ. ಗುಂಡಿಯ ಕಡ್ಡಿಗೆ ಸುತ್ತಿದ ದಾರ ಪುಟ್ಟ ಗಾಲಿಗಳ ಮೇಲೆ ಹಾದು, ಗ್ಯಾಂಗ್ ಕಂಡೆನ್ಸರಿನ ದೊಡ್ಡ ಚಕ್ರ ಬಳಸಿ, ಒಂದು ಸ್ಪ್ರಿಂಗಿಗೆ ಬಿಗಿಯಾಗುತ್ತದೆ. ಎರಡು ಕೈ ಸಾಲದೆ ಹಲ್ಲಿನಲ್ಲಿ ಒಂದು ತುದಿ ಕಚ್ಚಿರಬೇಕಾದ್ದರಿಂದ ಮಾತು ಬಂದ್. ಮನೆಯವರಿಗೆ ಇದು ನೆಮ್ಮದಿಯ ಹೊತ್ತು. ಸುತ್ತು ತಿರುವುಮುರುವಾದರೆ ಮುಳ್ಳು ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋಗುತ್ತದೆ: 765 ಕಿಲೊಹರ್ಟ್ಝಿನ ಧಾರವಾಡ ಸಾಂಗಲಿಯ ದಿಕ್ಕಿಗೆ ಸರಿಯುತ್ತದೆ, 1251ರ ಸಾಂಗಲಿ ಧಾರವಾಡದ ದಿಕ್ಕಿಗೆ. ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟರೂ ಇತ್ಯರ್ಥವಾಗದ ಕರ್ನಾಟಕ–ಮಹಾರಾಷ್ಟ್ರ ಗಡಿ ಇಲ್ಲಿ ಒಂದೂವರೆ ಮೊಳ ನೂಲಿನಲ್ಲಿ ಅದಲುಬದಲು.

ಕೊನೆಯದು ಅಲೈನ್‌ಮೆಂಟ್. ಯಾವ ಸ್ಟೇಷನ್ ಹಿಡಿದರೂ ಸೆಟ್ಟು ಅದನ್ನು ಒಳಗೆ ಸುಮಾರು 455 ಕಿಲೊಹರ್ಟ್ಝಿಗೆ ಇಳಿಸಿಕೊಂಡು ಹಿಗ್ಗಿಸುತ್ತದೆ. ಅಮೆರಿಕದ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಸೂಪರ್‌ಹೆಟೆರೊಡೈನ್ ವಿದ್ಯೆ ಇದು. ಆ ಕಾಯಿಲ್‌ಗಳ ತಿರುಪನ್ನು ಕಬ್ಬಿಣದ ಸ್ಕ್ರೂಡ್ರೈವರಿನಿಂದ ಮುಟ್ಟಿದರೆ ಟ್ಯೂನಿಂಗ್ ಕದಲುತ್ತದೆ. ಹಾಗಾಗಿ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರದಿಂದ ತೀಡಿ ಚೂಪಾಗಿಸುತ್ತಾನೆ. ಯಾರ ಬ್ರಷ್ಷು ಎಂದು ಮರುದಿನ ಬೆಳಿಗ್ಗೆ ಗೊತ್ತಾಗುತ್ತದೆ.

ಇಷ್ಟಾಗಿ ಸೆಟ್ಟು ಹಚ್ಚಿದರೆ ಬರುವುದು ಗರಗರ. ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಡಿಶ್ಶಿನ ಪೆಟ್ಟಿಗೆ ಎಲ್ಲವೂ ಮಧ್ಯಮ ತರಂಗದ ಮೇಲೆ ಸದ್ದು ಸುರಿಯುತ್ತವೆ. ಹಿಂದೆ ಅರ್ಥಿಂಗಿಗೆ ನಳದ ಕಬ್ಬಿಣದ ಪೈಪು ಸಾಕಿತ್ತು, ಈಗ ಅದೂ ಪ್ಲಾಸ್ಟಿಕ್ಕು. ಅಂಗಳದಲ್ಲಿ ಸಲಾಕೆ ಹೂತು, ಜಾಳಿಗೆಯಂಥ ತಾಮ್ರದ ಏರಿಯಲ್ ಪಟ್ಟಿಯನ್ನು ಪಡಸಾಲೆಯ ಉದ್ದಕ್ಕೂ ಎಳೆದು, ಈತ ಮನೆಯ ಒಂದೊಂದೇ ಸ್ವಿಚ್ಚು ಆರಿಸುತ್ತ ಹೋಗುತ್ತಾನೆ. ಮೊಮ್ಮಗನ ಆಟ ನಿಂತಿತು, ಸೊಸೆಯ ಧಾರಾವಾಹಿ ನಿಂತಿತು, ಕತ್ತಲಲ್ಲಿ ಧಾರವಾಡ ಬಂತು. "ಆತಲ್ಲ, ಇನ್ನ ಊಟಕ್ಕ ಏಳ್ರಿ" ಎಂದು ಹೆಂಡತಿ ಕರೆದರೆ ಉತ್ತರ ಯಾವತ್ತೂ ಅದೇ: "ಇನ್ನೊಂದ್ ಚೂರ್ ಐತಿ."

ಆ ಚೂರು ಮುಗಿಯುವುದಿಲ್ಲ, ಏಕೆಂದರೆ ಈತ ರೇಡಿಯೊ ಕೇಳುವವನಲ್ಲ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ವಚನವೇ ಬರುತ್ತಿರಲಿ, ಈತನ ಕಿವಿ ಅದರ ಹಿಂದಿನ 100 ಹರ್ಟ್ಝಿನ ಗುಂಯ್ ಸದ್ದಿಗೆ ನೆಟ್ಟಿರುತ್ತದೆ. ಮನ್ಸೂರರು ಮೇಲಿನ ಷಡ್ಜಕ್ಕೆ ಏರುವಷ್ಟರಲ್ಲಿ ಸೆಟ್ಟು ಬಂದ್, ಬೆನ್ನ ಹಲಗೆ ಮತ್ತೆ ಹೊರಗೆ. ಪೂರ್ತಿ ಸರಿಯಾದ ರೇಡಿಯೊ ಈತನಿಗೆ ಬೇಸರ. ಅದು ಗಾಜಿನ ಕಪಾಟು ಸೇರುತ್ತದೆ, ಟೇಬಲ್ಲಿಗೆ ಮುಂದಿನ ಸತ್ತ ಪೆಟ್ಟಿಗೆ ಬರುತ್ತದೆ.

ಅಟ್ಟದ ಮೇಲೆ ಅಜ್ಜನ ಸೆಟ್ಟು ಇಟ್ಟುಕೊಂಡಿರುವ ಓದುಗರು ಒಂದು ನೆನಪಿಡಿ: ಅದನ್ನು ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಎಸಿ/ಡಿಸಿ ಮಾದರಿಯಾದರೆ ಒಳಗಿನ ಚಾಸಿಗೇ 230 ವೋಲ್ಟ್ ಬಂದಿರಬಹುದು. ಇಂಥವನೊಬ್ಬನನ್ನು ಕರೆಸಿ, ಚಹಾ ಕೊಟ್ಟು, ನಿಮ್ಮ ಮನೆಯಲ್ಲೇ ಕೂರಿಸಿ ಮಾಡಿಸಿ. ಅವನ ಮನೆಗೆ ಮಾತ್ರ ಕಳಿಸಬೇಡಿ.